ನೀಲಿಯ ಗಡಿಗೆ

"ಅಜ್ಜಾರ, ಎಷ್ಟ್ ಬೇಕಾದರೂ ತಗೋ ಅಂತ ಕರದವರು, ತಗೊಂಡ ದಿನಾನ ಕಳ್ಳಿ ಅಂದ್ರ ಅಂಥವರನ್ನ ನಂಬೂದು ಹೆಂಗ?"

ದಾಕ್ಷಾಯಿಣಿ ಹೀಗೆ ಕೇಳಿದಳು. ಮಠದ ಸ್ವಾಮಿಗಳಾದ ಅಜ್ಜನ ಎದುರು ಯಾರೂ ಅಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ. ಬಂದವಳು ನಮಸ್ಕಾರ ಮಾಡುವುದನ್ನೂ ಮರೆತಿದ್ದಳು. ಅಜ್ಜ ಅದನ್ನು ಗಮನಿಸಿದರು.

ಅವಳು ಆ ಮಠದ ಶಾಲೆಯಲ್ಲೇ ಓದಿದವಳು. ಅಜ್ಜ ಅವಳಿಗೆ ಮಗ್ಗಿ ಕಲಿಸಿದವರು. ಈಗ ಜಿಲ್ಲೆಯ ರಕ್ತನಿಧಿಯೊಂದರಲ್ಲಿ ಅವಳಿಗೆ ಕೆಲಸ. ಯಾವ ಗುಂಪಿನ ರಕ್ತ ಕೊಡುವವರು ಯಾವ ಊರಿನಲ್ಲಿದ್ದಾರೆ ಎಂದು ಯಾರು ಬೇಕಾದರೂ ಫೋನಿನಲ್ಲೇ ಹುಡುಕಬಹುದಾದ ಒಂದು ವೆಬ್‌ಸೈಟನ್ನು ಅವಳೇ ಕಟ್ಟಿದ್ದಳು. ಹನ್ನೊಂದು ಸಾವಿರ ದಾನಿಗಳ ಹೆಸರು ಅದರಲ್ಲಿತ್ತು.

ಮೊದಲು ಅದು ರಕ್ತನಿಧಿಯ ಮೂಲೆಯಲ್ಲಿದ್ದ ಒಂದು ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಕರೆಂಟು ಹೋದರೆ ನಿಲ್ಲುತ್ತಿತ್ತು. ಇನ್ನೂರು ಜನ ಒಮ್ಮೆಲೇ ಬಂದರೆ ಮುಗ್ಗರಿಸುತ್ತಿತ್ತು. ಎರಡು ವರ್ಷದ ಹಿಂದೆ ಅವಳು ಎಲ್ಲವನ್ನೂ ಕ್ಲೌಡಿಗೆ ಸಾಗಿಸಿದಳು. ಎಲ್ಲೋ ದೂರದ ಕಂಪನಿಯ ಯಂತ್ರಗಳು. ಬೇಕಾದಷ್ಟು ಬಳಸು, ಬಳಸಿದಷ್ಟಕ್ಕೆ ಬಾಡಿಗೆ ಕೊಡು ಎನ್ನುವ ಲೆಕ್ಕ. ಅಲ್ಲಿಗೆ ಹೋದ ಮೇಲೆ ವೆಬ್‌ಸೈಟು ಒಂದು ದಿನವೂ ನಿಲ್ಲಲಿಲ್ಲ. ಮೂಲೆಯ ಹಳೆಯ ಕಂಪ್ಯೂಟರು ಇನ್ನೇಕೆ ಎಂದು ಅದರಲ್ಲಿದ್ದ ಪಟ್ಟಿಯನ್ನು ಪೂರ್ತಿ ಅಳಿಸಿದಳು. ರಕ್ತ ಕೊಡಲು ಕೂತವರಿಗೆ ಬೇಸರವಾಗದಿರಲಿ ಎಂದು ಅದರಲ್ಲಿ ಭಕ್ತಿಗೀತೆ ಹಚ್ಚಿಟ್ಟಳು.

ಈ ವಾರ ಡೆಂಗ್ಯೂ ಏರಿತು. ಒಂದೇ ದಿನ ನಲವತ್ತು ಸಾವಿರ ಸಲ ಜನ ವೆಬ್‌ಸೈಟು ತೆರೆದರು. ಮಧ್ಯಾಹ್ನದವರೆಗೆ ಕ್ಲೌಡು ಅದನ್ನು ಹೂವಿನಂತೆ ಹೊತ್ತಿತು. ಆಮೇಲೆ ಕಂಪನಿಯ ಕಾವಲಿನ ಯಂತ್ರಕ್ಕೆ ಅನುಮಾನ ಬಂತು. ಒಂದು ಸಣ್ಣ ಊರಿನ ವೆಬ್‌ಸೈಟಿಗೆ ಇಷ್ಟು ಜನ ಬರುವುದೆಂದರೆ ಏನೋ ಮೋಸವೇ ಇರಬೇಕು ಎಂದು ಅದು ದಾಕ್ಷಾಯಿಣಿಯ ಖಾತೆಗೆ ಬೀಗ ಹಾಕಿತು. ಹನ್ನೊಂದು ಸಾವಿರ ಹೆಸರೂ ಒಳಗೇ ಉಳಿದವು. ಅವಳು ಹದಿನಾಲ್ಕು ಸಲ ಬರೆದಳು. ಹದಿನಾಲ್ಕು ಸಲವೂ ಒಂದೇ ಉತ್ತರ ಬಂತು: ನಿಮ್ಮ ದೂರು ತಲುಪಿದೆ, ತಾಳ್ಮೆಗೆ ಧನ್ಯವಾದ.

ಮೂರನೆಯ ದಿನ ಒಂದು ಆಸ್ಪತ್ರೆಯಿಂದ ಫೋನು ಬಂತು. ತುಂಬು ಗರ್ಭಿಣಿ. ನಾಳೆ ಬೆಳಿಗ್ಗೆ ಆಪರೇಷನ್. ಅವಳದು ಬಾಂಬೆ ಗುಂಪಿನ ರಕ್ತ. ಸಾವಿರಾರು ಜನರಲ್ಲಿ ಒಬ್ಬರಿಗೂ ಇರುವುದು ಕಷ್ಟ, ಬೇರೆ ಯಾವ ರಕ್ತವೂ ಅವಳಿಗೆ ಹೊಂದುವುದಿಲ್ಲ. ಎರಡು ಬಾಟಲಿ ಬೇಕು. ಅಂಥ ರಕ್ತದವರು ಪಟ್ಟಿಯಲ್ಲಿ ಒಂಬತ್ತು ಜನ ಇದ್ದರು. ದಾಕ್ಷಾಯಿಣಿಗೆ ನೆನಪಿದ್ದುದು ಒಂದೇ ಹೆಸರು, ಮಠದ ದಾಸೋಹದ ಅಡುಗೆಯ ಚೆನ್ನಬಸಯ್ಯ. ಓಡಿ ಬಂದರೆ ಅವನು ಫೋನನ್ನು ಅಡುಗೆಮನೆಯ ಗೂಡಿನಲ್ಲಿ ಬಿಟ್ಟು ಕಾಯಿಪಲ್ಲೆ ತರಲು ಸಂತೆಗೆ ಹೋಗಿದ್ದ. ಕರೆತರಲು ಒಬ್ಬರನ್ನು ಗಾಡಿಯಲ್ಲಿ ಕಳಿಸಿಯಾಗಿತ್ತು. ಕಾಯುವುದು ಬಿಟ್ಟರೆ ಅವಳಿಗೆ ಬೇರೆ ದಾರಿ ಇರಲಿಲ್ಲ.

"ಕೂಡು" ಎಂದರು ಅಜ್ಜ. "ಅಂವ ಬರೂತನಕ ಒಂದು ಕತಿ ಹೇಳತೀನಿ."

"ಕತಿ ಕೇಳೂ ಹೊತ್ತೇನ್ರೀ ಇದು?"

"ನೀ ನಿಂತರ ಅಂವ ಲಗೂ ಬರತಾನೇನು?"

ಅವಳು ಕೂತಳು. ಅಜ್ಜ ಹೇಳತೊಡಗಿದರು.

ಹತ್ತಿನೂಲಿಗೆ ನೀಲಿ ಹಾಕುವ ಬಣ್ಣಗಾರನೊಬ್ಬನಿದ್ದ. ನೂಲು ಅದ್ದುವ ತೊಟ್ಟಿಯೇ ಬಾನಿ. ನೀಲಿಯ ಬಾನಿ ಬೇರೆ ಬಣ್ಣದ ಬಾನಿಯಂತಲ್ಲ. ಅದು ಹುಳಿತು ಜೀವ ಹಿಡಿಯಬೇಕು. ದಿನಾ ಬೆಳಿಗ್ಗೆ ಅದಕ್ಕೆ ಸುಣ್ಣವನ್ನೂ ಬೇಯಿಸಿದ ತಗಚೆ ಬೀಜದ ನೀರನ್ನೂ ಉಣಿಸಬೇಕು. ನಾಲ್ಕು ದಿನ ಉಣಿಸದಿದ್ದರೆ ಸಾಯುತ್ತದೆ. ಹೊಸ ಬಾನಿ ಹಾಕುವಾಗ ಹಳೆಯದರಿಂದ ಒಂದು ತಂಬಿಗೆ ತೆಗೆದು ಬೆರೆಸಬೇಕು. ಆಗ ಮಾತ್ರ ಅದೇ ಮನೆಯ ನೀಲಿ ಬರುತ್ತದೆ.

ಅದಕ್ಕೇ ಅಂಥ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಅಡುಗೆಯ ಒಲೆಯ ಪಕ್ಕ ಒಂದು ಗಡಿಗೆ. ಅದರಲ್ಲಿ ತಾಯಿನೀಲಿ. ಅದರಲ್ಲಿ ಯಾರೂ ನೂಲು ಅದ್ದುತ್ತಿರಲಿಲ್ಲ. ಹಿತ್ತಿಲಿನ ಬಾನಿಗಳೆಲ್ಲ ಸತ್ತರೂ ಮತ್ತೆ ಹುಟ್ಟಿಸಲು ಬೇಕೆಂದು ಅದನ್ನು ಸಾಕುತ್ತಿದ್ದರು. ಮನೆಯ ಹೆಂಗಸರು ಅದಕ್ಕೆ ಉಣಿಸಿದ ಮೇಲೆಯೇ ಒಲೆ ಹೊತ್ತಿಸುತ್ತಿದ್ದರು. ಬಣ್ಣಗಾರನ ಮನೆಯ ಗಡಿಗೆ ಅವನ ಅಜ್ಜಿಯ ಅಜ್ಜಿ ಇಟ್ಟದ್ದು.

ಬಣ್ಣಗಾರನ ಹಿತ್ತಿಲಿನಲ್ಲಿ ಮೂರು ಬಾನಿಗೆ ಮಾತ್ರ ಜಾಗ. ಮಳೆ ಬಂದರೆ ನೀರು ಬಿದ್ದು ಬಣ್ಣ ತೆಳುವಾಗುತ್ತಿತ್ತು. ಒಮ್ಮೆ ಬೀದಿನಾಯಿಯೊಂದು ಬಾನಿಗೆ ಬಿದ್ದು, ನೀಲಿ ನಾಯಿಯಾಗಿ ಎದ್ದು, ಓಣಿಯ ತುಂಬ ಓಡಾಡಿತು. ಊರು ನಕ್ಕಿತು, ಅವನಿಗೆ ಮಾತ್ರ ಒಂದು ಬಾನಿಯ ಕೆಲಸ ಹಾಳಾಯಿತು. ನೇಕಾರರು ಗಂಟುಗಟ್ಟಲೆ ನೂಲು ತಂದರೆ ಅರ್ಧದಷ್ಟನ್ನು ಹಿಂದಕ್ಕೆ ಕಳಿಸಬೇಕಾಗುತ್ತಿತ್ತು. ಹಾಗೆ ಕಳಿಸಿದ ದಿನ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಆಗ ಒಬ್ಬ ವರ್ತಕ ಹೊಳೆಯ ದಂಡೆಗೆ ದೊಡ್ಡ ಬಣ್ಣದ ಮನೆ ಕಟ್ಟಿಸಿದ. ಐನೂರು ಬಾನಿ. ಮೇಲೆ ಸೂರು, ಒಳಗೆ ಹರಿಯುವ ನೀರು, ಸುತ್ತ ಕಾವಲು. ಎಷ್ಟು ಬಾನಿ ಬೇಕೋ ಅಷ್ಟು ಬಾಡಿಗೆಗೆ ತಗೋ, ಬೇಡವಾದ ದಿನ ಬಿಡು, ಒಡೆದರೆ ಬೇರೆ ಕೊಡುವುದು ನಮ್ಮ ಕೆಲಸ ಎಂದು ಡಂಗುರ ಹೊಡೆಸಿದ. ಬಣ್ಣಗಾರ ಮೊದಲು ಮೂರು ತಗೊಂಡು ತನ್ನ ಮನೆಯ ನೀಲಿ ಬೆರೆಸಿದ. ಆಮೇಲೆ ಹನ್ನೆರಡು. ಆಮೇಲೆ ನಲವತ್ತು. ಬಂದ ನೇಕಾರರಲ್ಲಿ ಒಬ್ಬನನ್ನೂ ಅವನು ಹಿಂದಕ್ಕೆ ಕಳಿಸಲಿಲ್ಲ.

ಅಜ್ಜ ಇಲ್ಲಿ ನಿಲ್ಲಿಸಿ ದಾಕ್ಷಾಯಿಣಿಯನ್ನು ನೋಡಿದರು. ವರ್ತಕ ಆಡಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ, ಅದನ್ನು ಮರೆಯಬೇಡ ಎಂದರು. ಅವಳು ಮುಖ ತಿರುಗಿಸಿದಳು. ಮರೆಯುವ ಮನಸ್ಸು ಅವಳಿಗಿತ್ತು.

ಆ ಬಣ್ಣದ ಮನೆಯಲ್ಲಿ ಎಲ್ಲವೂ ಆ ಮನೆಯ ಅಳತೆಯದು. ಬಾನಿಗಳು ಅವನ ಮನೆಯವಕ್ಕಿಂತ ಆಳ, ಅವನ ಕದಡುವ ಕೋಲು ತಳ ಮುಟ್ಟುತ್ತಿರಲಿಲ್ಲ. ಅವರ ಕೋಲನ್ನೇ ಹಿಡಿದ. ಉಣಿಸುವವರು ಅವರ ಆಳುಗಳು, ಸುಣ್ಣವೂ ಅವರ ಉಗ್ರಾಣದ್ದು. ನಾಲ್ಕು ವರ್ಷದಲ್ಲಿ ಅವನ ಕೈ ಅವರ ಅಳತೆಗೆ ಎಷ್ಟು ಒಗ್ಗಿತೆಂದರೆ, ಬೇರೆ ಕಡೆ ಬಾನಿ ಹಾಕು ಎಂದರೆ ಎಷ್ಟು ಹಿಡಿ ಸುಣ್ಣ ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಬಾಗಿಲ ಕೀಲಿಯೂ ಅವರದೇ. ಅವನು ಅದನ್ನು ಕೇಳಲಿಲ್ಲ. ಸುಖವಾಗಿದ್ದವನು ಕೀಲಿಯನ್ನೇಕೆ ಕೇಳುತ್ತಾನೆ?

ಅವನ ತಾಯಿ ಮಾತ್ರ ದಿನಾ ಗಡಿಗೆಗೆ ಉಣಿಸುತ್ತಿದ್ದಳು. ಒಂದು ದಿನ ಅವನು ನಕ್ಕ.

"ಅವ್ವಾ, ಅಲ್ಲಿ ನಲವತ್ತು ಬಾನಿ ಅದಾವು. ಈ ಒಂದು ಗಡಿಗಿಗೆ ಯಾಕ ಹೊಗಿಯಾಗ ಕಣ್ಣು ಕೆಡಿಸ್ಕೋತಿ?"

"ಅವು ಅಲ್ಲಿ ಅದಾವು. ಇದು ಇಲ್ಲಿ ಐತಿ" ಎಂದಳು ತಾಯಿ.

ಅವನು ಗಡಿಗೆಯನ್ನು ಎತ್ತಿ ಮೋರಿಗೆ ಸುರಿದ. ಮೋರಿ ಆ ದಿನವೆಲ್ಲ ನೀಲಿಯಾಗಿ ಹರಿಯಿತು. ಗಟ್ಟಿ ಗಡಿಗೆ, ಬಿಸಾಡಲು ಮನಸ್ಸು ಬರಲಿಲ್ಲ. ತಳಕ್ಕೆ ಮೂರು ತೂತು ಕೊರೆದು, ಮಣ್ಣು ತುಂಬಿ, ದೊಡ್ಡಪತ್ರೆಯ ಕಡ್ಡಿ ನೆಟ್ಟ. ಮರುದಿನದಿಂದ ತಾಯಿ ಗಿಡಕ್ಕೆ ನೀರು ಹಾಕಿದಳು.

ಒಂದು ವರ್ಷ ಏಳು ಊರಿನ ನೇಕಾರರು ಒಟ್ಟಿಗೆ ನೂಲು ತಂದರು. ಅವನು ಹಿಗ್ಗಿ ಬಣ್ಣದ ಮನೆಗೆ ಹೋಗಿ ಇನ್ನೂ ನೂರು ಬಾನಿ ಕೇಳಿದ. ಕೊಟ್ಟರು. ಮಧ್ಯಾಹ್ನ ಒಳಗಿನ ಮೇಲ್ವಿಚಾರಕ ಪಟ್ಟಿ ನೋಡಿದ. ಅವನು ಬಣ್ಣಗಾರನ ಮುಖವನ್ನೇ ಕಂಡವನಲ್ಲ. ಒಬ್ಬನಿಗೆ ಒಂದೇ ದಿನ ನೂರು ಬಾನಿ ಯಾಕೆ, ಇವನು ಕಳ್ಳನೇ ಇರಬೇಕು ಎಂದ. ಹೊಸ ನೂರಕ್ಕೂ ಬೀಗ. ಹಳೆಯ ನಲವತ್ತಕ್ಕೂ ಬೀಗ.

"ಥೂ ಅವರ!" ಎಂದಳು ದಾಕ್ಷಾಯಿಣಿ.

ಬಣ್ಣಗಾರ ಬಾಗಿಲಿಗೆ ಹೋದ. ಕಾವಲುಗಾರ ಒಂದು ಓಲೆ ಕೊಟ್ಟ. ನಿಮ್ಮ ಮಾತು ತಲುಪಿದೆ, ತಾಳ್ಮೆಗೆ ಉಪಕಾರ ಎಂದಿತ್ತು. ಮೇಲ್ವಿಚಾರಕನನ್ನು ಕರೆ ಎಂದ ಬಣ್ಣಗಾರ. ಅವರನ್ನು ನಾನೂ ನೋಡಿಲ್ಲ ಎಂದ ಕಾವಲುಗಾರ. ಮರುದಿನವೂ ಅದೇ ಓಲೆ. ಬಣ್ಣಗಾರ ಕೂಗಿದ, ಶಪಿಸಿದ, ಆ ಮನೆಯ ಏಳು ತಲೆಮಾರನ್ನೂ ಬಯ್ದ. ಕೊನೆಗೆ ಚಪ್ಪಲಿ ಬೀಸಿ ಒಗೆದ. ಕಾವಲುಗಾರ ಚಪ್ಪಲಿಯನ್ನು ಎತ್ತಿಟ್ಟುಕೊಂಡು ಅದಕ್ಕೂ ಒಂದು ಓಲೆ ಕೊಟ್ಟ. ಬಯ್ಯಬೇಕಾದರೂ ಎದುರಿಗೆ ಒಂದು ಮುಖ ಬೇಕು. ಅವನಿಗೆ ಸಿಕ್ಕಿದ್ದು ಬಾಗಿಲು.

ಒಳಗೆ ಬಾನಿಗಳಿಗೆ ಯಾರೂ ಉಣಿಸಲಿಲ್ಲ. ಬೀಗ ಹಾಕಿದ್ದನ್ನು ಮುಟ್ಟಬಾರದೆಂದು ಆಳುಗಳಿಗೆ ಅಪ್ಪಣೆಯಾಗಿತ್ತು. ನಾಲ್ಕನೆಯ ದಿನ ಗೋಡೆಯಾಚೆಯಿಂದ ಬರುವ ವಾಸನೆ ಬದಲಾಯಿತು. ಬೇರೆಯವರಿಗೆ ಅದು ತಿಳಿಯುವುದಿಲ್ಲ. ಅವನಿಗೆ ತಿಳಿಯಿತು. ಅವನು ಬಾಗಿಲಿಗೆ ತಲೆ ಚಚ್ಚಿಕೊಂಡು ಅತ್ತ. ಅದಕ್ಕೂ ಓಲೆ ಬಂತು.

ಒಂಬತ್ತನೆಯ ದಿನ ಬಾಗಿಲು ತೆರೆಯಿತು. ವಿಚಾರಿಸಿದೆವು, ನಿಮ್ಮ ತಪ್ಪೇನೂ ಇಲ್ಲ, ಬಾನಿಗಳನ್ನು ಬಳಸಬಹುದು ಎಂದು ಓಲೆಯಲ್ಲಿತ್ತು. ನಲವತ್ತು ಬಾನಿಯೂ ಕೊಳೆತು ನಾರುತ್ತಿದ್ದವು. ಆಳುಗಳು ಅವನ್ನು ಹೊಳೆಗೆ ಚೆಲ್ಲಿ, ಉಜ್ಜಿ ತೊಳೆದು, ಹೊಸ ನೀರು ತುಂಬಿ, ಬಾಡಿಗೆ ಬೇಡ ಎಂದರು. ಬಾನಿ ಯಾರಿಗೆ ಬೇಕಾಗಿತ್ತು ಎಂದು ಬಣ್ಣಗಾರ ಅರಚಿದ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಬಾನಿ ಕೊಡುವುದೇ ಅವರ ಕೆಲಸ, ಕೊಟ್ಟಿದ್ದರು.

ಅವನು ಮನೆಗೆ ಓಡಿದ. ಗಡಿಗೆ ಎಲ್ಲಿ ಎಂದು ಕೂಗಿದ. ತಾಯಿ ಹಿತ್ತಿಲ ಕಡೆ ಕೈ ತೋರಿಸಿದಳು. ದೊಡ್ಡಪತ್ರೆ ಸೊಂಪಾಗಿ ಬೆಳೆದಿತ್ತು. ಗಿಡ ಕಿತ್ತು, ಮಣ್ಣು ಸುರಿದು, ಗಡಿಗೆಯ ತಳವನ್ನು ಮೂಗಿಗೆ ಹಿಡಿದ. ಮಣ್ಣಿನ ವಾಸನೆ. ಗಡಿಗೆಯನ್ನು ಎತ್ತಿ ನೋಡಿದ. ಮೂರು ತೂತಿನಿಂದ ಬಿಸಿಲು ಅವನ ಮುಖಕ್ಕೆ ಬಿತ್ತು.

ಏಳು ಊರಿನ ನೇಕಾರರು ಬಣ್ಣ ಕಾಣದ ನೂಲನ್ನೇ ಗಾಡಿಗೆ ಏರಿಸಿಕೊಂಡು ಹಿಂದಕ್ಕೆ ಹೋದರು. ಆ ಮನೆತನದ ನೀಲಿ ಅಲ್ಲಿಗೆ ಮುಗಿಯಿತು. ಬಣ್ಣಗಾರ ಬದುಕಿದಷ್ಟು ದಿನವೂ ಊರೂರು ತಿರುಗಿ, ಬಣ್ಣದ ಮನೆಯವರು ನನ್ನ ನೀಲಿಯನ್ನು ಕೊಂದರು ಎಂದು ಹೇಳಿಕೊಂಡು ಅತ್ತ. ಕೇಳಿದವರೆಲ್ಲ ಅವನ ಜೊತೆ ಸೇರಿ ಆ ಮನೆಯನ್ನು ಬಯ್ದರು.

ಅಜ್ಜ ಕತೆ ಮುಗಿಸಿದರು.

"ಖರೇನ ಅಲ್ರೀ!" ಎಂದಳು ದಾಕ್ಷಾಯಿಣಿ. "ಅವರ ಕೊಂದಾರ. ಕೊಂದು, ತಾಳ್ಮೆಗೆ ಉಪಕಾರ ಅಂತಾರ. ಇವರಿಗೆ ಮನುಷ್ಯಾರ ಜೀವ ಅಂದ್ರ ಏನಂತ ಗೊತ್ತೈತೇನ್ರಿ?"

"ಹೌದು, ಅವರ ಕೊಂದಾರ" ಎಂದರು ಅಜ್ಜ. ಅವರ ಮುಖವೂ ಕೆಂಪಗಿತ್ತು. "ಆ ಬೀಗ ಹಾಕಿದ್ದು ಅನ್ಯಾಯ. ನಾನೂ ಅದನ್ನ ಅನ್ಯಾಯ ಅಂತನ ಹೇಳತೀನಿ."

ಅಷ್ಟರಲ್ಲಿ ಗಾಡಿಯ ಸದ್ದಾಯಿತು. ಚೆನ್ನಬಸಯ್ಯ ಇಳಿದು, ಕಾಯಿಪಲ್ಲೆಯ ಚೀಲವನ್ನು ಕಟ್ಟೆಗೆ ಒರಗಿಸಿ, ಬೆವರು ಒರೆಸಿಕೊಂಡ. ದಾರಿಯಲ್ಲೇ ಅವನಿಗೆ ವಿಷಯ ತಿಳಿದಿತ್ತು.

"ನಡೀರಿ ಅಕ್ಕಾರ, ನಾ ಕೊಡತೀನಿ. ನಮ್ಮ ತಂಗೀದೂ ಇದ ರಕ್ತ ಐತಲ್ಲ, ಗಂಗಾವತ್ಯಾಗ ಅದಾಳ. ಫೋನ್ ಹಚ್ಚಿದ್ರ ಬಸ್ಸಿಗೆ ಬರತಾಳ. ಅಕೀ ಹೆಸರೂ ನೀವ ಬರಕೊಂಡಿದ್ರಿ, ನಿಮಗ ನೆನಪಿಲ್ಲೇನು?"

ಅವಳಿಗೆ ನೆನಪಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನಾಳೆಯ ಎರಡು ಬಾಟಲಿ ಸಿಕ್ಕಂತಾಯಿತು. ಕಣ್ಣೀರಿನ ಹಿಂದೆಯೇ ಸಿಟ್ಟೂ ಬಂತು. ಇನ್ನೂ ಏಳು ಹೆಸರು ಬೀಗದ ಒಳಗಿದ್ದವು. ಇನ್ನೊಬ್ಬಳಿಗೆ ಬೇಕಾದಾಗ ಇಂಥ ಅಣ್ಣನೂ ಇಂಥ ತಂಗಿಯೂ ಎಲ್ಲಿಂದ ಬರಬೇಕು? ಅವಳು ಎದ್ದು ಚಪ್ಪಲಿ ಮೆಟ್ಟಿದಳು.

"ಅಜ್ಜಾರ, ಆ ಬಸರಿ ಬದುಕಲಿ. ಆಮ್ಯಾಲ ನಾ ಅವರನ್ನ ಸುಮ್ಮನ ಬಿಡೂದಿಲ್ಲ. ಕೋರ್ಟಿಗೆ ಎಳೀತೀನಿ. ಈ ಗೋಳಿಗೆ ಕಾರಣ ಯಾರು ಅಂತ ಊರಿಗೆಲ್ಲ ಹೇಳತೀನಿ."

"ಹೇಳು, ಬಿಡಬ್ಯಾಡ" ಎಂದು ಅಜ್ಜ ಕೈ ಎತ್ತಿ ಹರಸಿದರು. ಅವಳು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕರೆದು, ಹರಸಿದ ಅದೇ ಧ್ವನಿಯಲ್ಲಿ ಕೇಳಿದರು:

"ತಂಗಿ, ಗಡಿಗಿಗೆ ತೂತು ಕೊರದವರು ಯಾರು?"

ದಾಕ್ಷಾಯಿಣಿ ತಿರುಗಿ ನಿಂತಳು. ಭಕ್ತಿಗೀತೆ ಹಾಡುವ ಮೂಲೆಯ ಕಂಪ್ಯೂಟರು ಅವಳ ಕಣ್ಣ ಮುಂದೆ ಬಂತು.