ಮನೆಗಳಿಗೆ ಒಂದು ಕಾಳು

ಬೆಟ್ಟದ ಬುಡದಲ್ಲಿ ಬಂಡೆಯೊಂದು ಬಿರಿದಿತ್ತು. ಆ ಬಿರುಕಿನಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ ಬರುತ್ತಿತ್ತು. ಕಿಡಿ ತಾಗಿಸಿದರೆ ನೀಲಿಯಾಗಿ ಉರಿಯುತ್ತಿತ್ತು. ಅದರ ಹತ್ತಿರವೇ ನೀಲವ್ವನ ಆಶ್ರಮ.

ಬೆಟ್ಟದಾಚೆ ರೋಗಿಗಳ ಮನೆ. ಆ ವರ್ಷದ ಚಳಿಗೆ ಅಲ್ಲಿ ಇಬ್ಬರು ತೀರಿಕೊಂಡಿದ್ದರು. ಬಿದಿರ ಕೊಳವೆ ಹೂತು ಅಲ್ಲಿಗೆ ಅನಿಲ ಒಯ್ಯಬೇಕಿತ್ತು. ಇದ್ದ ಮೂರು ದಾರಿಗಳಲ್ಲಿ ಒಂದನ್ನು ಆರಿಸುವ ಕೆಲಸ ಶಿಷ್ಯ ಸಂಗಯ್ಯನದು. ಮರುದಿನವೇ ಅಗೆಯುವವರು ಬರುವವರಿದ್ದರು.

ಸಂಗಯ್ಯ ಮೂರು ಮುತ್ತುಗದೆಲೆ ಹಾಸಿ, ಹುರುಳಿಕಾಳು ಹಿಡಿದು ಕೂತ.

"ಮೂರು ದಾರಿಗೂ ಊಟ ಬಡಿಸ್ತಿದ್ದೀಯೇನೋ?" ಎಂದಳು ನೀಲವ್ವ.

"ತೂಗ್ತಿದ್ದೇನೆ, ಅವ್ವಾ. ದೂರ ಕಡಿಮೆಯಿದ್ದರೆ ಐದು ಕಾಳು. ನೆಲ ಸಮವಿದ್ದರೆ ನಾಲ್ಕು. ಕೊಳವೆಗೆ ಜೋಡಣೆ ಕಡಿಮೆಯಾದರೆ ಮೂರು. ದಾರಿಯಲ್ಲಿ ಮನೆಗಳಿಲ್ಲದಿದ್ದರೆ ಒಂದು."

"ಗೆದ್ದದ್ದು ಯಾವುದು?"

"ಕುಂಬಾರಕೇರಿಯ ದಾರಿ. ಹನ್ನೆರಡು ಕಾಳು. ಅಂಬಿಗರ ಹಟ್ಟಿಯದು ನಾಲ್ಕು. ಬೆಟ್ಟದ ಬೆನ್ನಿನದು ಒಂದೇ ಒಂದು."

"ಮನೆಗಳಿಗೆ ಯಾಕೆ ಅಷ್ಟು ಜಿಪುಣತನ?"

"ಕೊಳವೆ ಸೋರುವುದು ಅಪರೂಪ, ಅವ್ವಾ."

ನೀಲವ್ವ ಜೀರುಂಡೆಯೊಂದನ್ನು ಹಿಡಿದು ಮಡಕೆಗೆ ಬಿಟ್ಟಳು. ಬಾಯಿಗೆ ತೆಳುಬಟ್ಟೆ ಕಟ್ಟಿದಳು. ಬಿರುಕು ಉರಿಯದೆ ಸುಮ್ಮನೆ ಉಸಿರಾಡುತ್ತಿದ್ದ ಕಡೆ ಮಡಕೆಯನ್ನು ಬೋರಲು ಹಾಕಿದಳು.

"ಕೇಳಿಸ್ತಿದೆಯಾ?"

"ಹಾಡ್ತಿದೆ."

ಇಬ್ಬರೂ ಕೂತರು. ಹೊಗೆಯಿಲ್ಲ. ವಾಸನೆಯಿಲ್ಲ. ಮಡಕೆ ಇದ್ದ ಹಾಗೇ ಇತ್ತು. ಬಿಸಿಲು ಅಷ್ಟಿಷ್ಟು ಸರಿಯಿತು.

"ಈಗ?"

ಸಂಗಯ್ಯ ಕಿವಿಗೊಟ್ಟ. ಸದ್ದಿರಲಿಲ್ಲ.

"ಯಾವಾಗ ನಿಂತಿತು?"

"ಗೊತ್ತಾಗಲಿಲ್ಲ, ಅವ್ವಾ. ಪಕ್ಕದಲ್ಲೇ ಇದ್ದೆ."

"ಕುಂಬಾರರೂ ಪಕ್ಕದಲ್ಲೇ ಇರ್ತಾರೆ. ಒಂದೇ ಸೂರಿನ ಕೆಳಗೆ."

ಅವಳು ಮಡಕೆ ಎತ್ತಿ, ಬಟ್ಟೆ ಬಿಚ್ಚಿ, ಜೀರುಂಡೆಯನ್ನು ಹುಲ್ಲಿನ ಮೇಲಿಟ್ಟಳು. ಬಹಳ ಹೊತ್ತಿನ ಮೇಲೆ ಅದರ ಒಂದು ಕಾಲು ಅಲ್ಲಾಡಿತು. ಅಲ್ಲಿಯವರೆಗೆ ಸಂಗಯ್ಯ ಅದರ ಪಕ್ಕ ಬಿಟ್ಟು ಏಳಲಿಲ್ಲ.

ಆಮೇಲೆ ಹೋಗಿ ಎಲೆಗಳ ಮುಂದೆ ಕೂತ. ಈ ಸಲ ಮನೆಗಳಿಲ್ಲದ ದಾರಿಗೆ ಇಡೀ ಹಿಡಿ ಸುರಿದ.

"ಬೆಟ್ಟದ ಬೆನ್ನಿನ ದಾರಿಯೇ ಗೆದ್ದಿತು, ಅವ್ವಾ."

"ದಾರಿಗಳೇನಾದರೂ ಅತ್ತಿತ್ತ ಸರಿದವಾ?"

"ಇಲ್ಲ. ನನ್ನ ಕೈ ಸರಿಯಿತು."

"ಹೂಂ. ಬೆಟ್ಟದ ಮೇಲೆ ಮನೆಗಳಿಲ್ಲವೆಂದು ಹೇಳಿದವರು ಯಾರು?"

"ಶಾನುಭೋಗರ ಪಟ್ಟಿ. ಮೂರು ಸಲ ಓದಿದ್ದೇನೆ. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ."

ಹೊತ್ತು ಮುಳುಗುತ್ತಿತ್ತು. ನೀಲವ್ವ ಬೆಟ್ಟದತ್ತ ಕೈ ತೋರಿದಳು. ನೆತ್ತಿಯ ಬಂಡೆಗಳ ನಡುವಿನಿಂದ ನೂಲಿನಷ್ಟು ತೆಳ್ಳಗಿನ ಹೊಗೆ ನೆಟ್ಟಗೆ ಏಳುತ್ತಿತ್ತು.

ಸಂಗಯ್ಯನ ಕೈ ತಾಗಿ ಎಲೆಯ ಮೇಲಿನ ಕಾಳು ಚೆಲ್ಲಿದವು.

"ಹಾಗಾದರೆ, ನಾನು ಇಲ್ಲಿಗೆ ಬಂದಾಗಿನಿಂದ ದಿನಾ ಸಂಜೆ ಅಲ್ಲಿ ಒಲೆ ಹಚ್ಚುತ್ತಿರುವವರು ಯಾರು, ತಮ್ಮಾ?"