ಮರುಪೆಟ್ಟಿನ ದಿಬ್ಬ

ನಮ್ಮ ಬಿಳೆಕೆರೆಯ ಮೂಡಣ ದಂಡೆಯಲ್ಲಿ ಮರುಪೆಟ್ಟಿನ ದಿಬ್ಬವಿದೆ. ಅದರ ಬುಡದಲ್ಲಿ, ನೀರಿನ ಅಂಚಿಗೆ, ಕೆರೆಯ ಕಡೆ ವಾಲಿದ ಎರಡಂತಸ್ತಿನ ಒಂದು ಹುಡೇವು, ಅಂದರೆ ಕಾವಲುಗೋಪುರ. ಪಕ್ಕದಲ್ಲಿ ಮೊಳದಷ್ಟು ತಲೆ ಎತ್ತಿದ ಒಂಟಿ ಜಾಲಿಕಂಬ. ಬಂದವರು ವಾಲಿದ ಗೋಡೆ ನೋಡಿ ಭೂಕಂಪ ಬಂದಿತ್ತೇ ಎಂದು ಕೇಳುತ್ತಾರೆ. ಬಂದದ್ದು ದೇಸಾಯಿಯ ಹೊಟ್ಟೆಕಿಚ್ಚು.

ಹಿಂದೆ ಒಮ್ಮೆ ಇಲ್ಲಿ ಸಂಗನಗೌಡ ದೇಸಾಯಿ ಎಂಬವನಿದ್ದ. ಕೆರೆಯಾಚೆ ಚಂಪವ್ವ ಎಂಬವಳನ್ನು ಇಟ್ಟುಕೊಂಡಿದ್ದ. ಅವಳ ಮನೆಗೆ ಬೇರೆ ಯಾರೋ ಹೋಗುತ್ತಾರೆಂಬ ಗುಮಾನಿ ಹತ್ತಿ, ಏಳಂತಸ್ತಿನ ಹುಡೇವು ಕಟ್ಟಿಸಲು ಹೊರಟ. ಹೊರಗೆ ಹೇಳಿದ್ದು ಮಾತ್ರ, ಶತ್ರು ಬಂದರೆ ಕಾಣಲಿ ಎಂದು. ದಿಬ್ಬದ ನೆತ್ತಿಯಲ್ಲಿ ಗಟ್ಟಿ ಬಂಡೆಯಿತ್ತು. ಆದರೆ ಅಲ್ಲಿಂದ ಚಂಪವ್ವನ ಬಾಗಿಲಿಗೆ ಹುಣಸೆಮರ ಅಡ್ಡ. ಅದಕ್ಕೇ ಕೆಳಗೆ, ಹೂಳಿನ ಮೇಲೆ ಪಾಯ ಹಾಕೆಂದ. ಪಾಯದಡಿ ಆಧಾರಕ್ಕೆ ಕಂಬ ಇಳಿಸುವ ಕೆಲಸ ಒಡ್ಡರ ಹುಲಿಗೆವ್ವನ ಗುಂಪಿನದು. ಅವಳ ಗಂಡ ದುರುಗಪ್ಪ ಗೋಡೆ ಕಟ್ಟುವವನು. ಹಗ್ಗದಿಂದ ಎತ್ತಿ ಬಿಡುವ ಕಲ್ಲುಗುಂಡಿನಡಿ ಜಾಲಿಕಂಬಗಳು ಇಳಿದವು. ದಿಬ್ಬದ ಕಡೆಯವು ಬಂಡೆಗೆ ತಾಗಿ ಟಣ್ ಎಂದವು. ಕೆರೆಯ ಕಡೆಯವೂ ನಿಂತವು, ಆದರೆ ಬಂಡೆ ಸಿಗದೆ ದೊಪ್ ಎಂದವು. ಕೆರೆಮಣ್ಣಿನ ಕಂಬವನ್ನು ಎಂಟು ದಿನ ಬಿಟ್ಟು ಮತ್ತೆ ಹೊಡೆದು ನೋಡುವುದು ಅವಳ ಜನರ ಕಟ್ಟಳೆ. ಅದೇ ಮರುಪೆಟ್ಟು.

“ದೇಸಾಯ್ರ, ಈಗ ಹೂಳು ಸಿಟ್ಟಿಲೆ ಬಿಗಿ ಹಿಡದೈತಿ. ಸಿಟ್ಟು ಇಳೀಲಿ, ಇನ್ನೊಂದು ಪೆಟ್ಟು ಹಾಕೂಣು” ಅಂದಳು.

“ಕಂಬಕ್ಕೂ ಬಾಣಂತನ ಮಾಡ್ತಿಯೇನಬೇ? ಗ್ವಾಡಿ ಏಳ್ಲಿ. ಒಲ್ಲೆ ಅಂದ್ರ ನಿನ್ನ ಮಂದೀನೆಲ್ಲ ಕಟಗೊಂಡು ಊರು ಬಿಡು!”

ಗೋಡೆ ಎದ್ದಿತು, ದುರುಗಪ್ಪ ಅದರ ಮೇಲೇರಿದ. ಹುಲಿಗೆವ್ವ ಮರುಪೆಟ್ಟಿಗೆಂದೇ ಬೇರೊಂದು ಕಂಬ ತಂದಳು. ಗೋಡೆಯ ಹೊರಗೆ, ಅದೇ ಹೂಳಿನಲ್ಲಿ, ಅದನ್ನು ಅಲುಗದಷ್ಟು ಬಿಗಿಯಾಗಿ ಹೊಡೆದು, ಎಂಟು ದಿನಕ್ಕೆಂದು ಬಿಟ್ಟಳು. ಎಂಟು ದಿನದಲ್ಲಿ ಎರಡಂತಸ್ತು ಮುಗಿದವು ಎನ್ನುತ್ತಾರೆ. ಹೇಗೆಂದು ನನ್ನನ್ನು ಕೇಳಬೇಡಿ, ಹೊಟ್ಟೆಕಿಚ್ಚಿನ ಕೆಲಸಕ್ಕೆ ವೇಗ ಹೆಚ್ಚು. ಎಂಟನೇ ದಿನ ಊರೆಲ್ಲ ನೆರೆಯಿತು. ಆ ಕಂಬ ಮರುಪೆಟ್ಟಿಗೆ ಕದಲದಿದ್ದರೆ ಹುಲಿಗೆವ್ವನ ಗುಂಪು ಊರು ಬಿಟ್ಟು ಹೊರಡಬೇಕೆಂದು ದೇಸಾಯಿ ಸಾರಿದ್ದ. ಕಲ್ಲುಗುಂಡು ಬಿತ್ತು. ಬಿಗಿದು ನಿಂತಿದ್ದ ಕಂಬ ಒಂದೇ ಪೆಟ್ಟಿಗೆ ಆಳುದ್ದ ಇಳಿಯಿತು. “ಇಳೀ, ನನ್ನ ಗಂಡಾ, ಇಳೀ!” ಎಂದು ಹುಲಿಗೆವ್ವ ಗೋಡೆಯ ಮೇಲಿದ್ದವನತ್ತ ಚೀರಿದಳು. ದುರುಗಪ್ಪನೂ ಜೊತೆಯವರೂ ಧುಮುಕಿದರು. ಹೊತ್ತು ಇಳಿಯುವುದರೊಳಗೆ ಬಂಡೆಯ ಮೇಲಿನ ಅರ್ಧ ನಿಂತಲ್ಲೇ ನಿಂತು, ಹೂಳಿನ ಮೇಲಿನ ಅರ್ಧ ಕುಸಿದು, ಹುಡೇವು ಆಚೆ ದಂಡೆಯತ್ತ ಬಾಗಿತು. ಚಂಪವ್ವ ಬಾಗಿಲಿಗೆ ಬಂದು, “ದೇಸಾಯ್ರ ಮಾಳಿಗಿ ನನಗ ನಮಸ್ಕಾರ ಮಾಡಾಕ್ಹತ್ತೈತಿ ನೋಡ್ರೆ” ಅಂದಳಂತೆ. ಮುಂದೆ ದೇಸಾಯಿ ಆ ದಂಡೆಗೂ ಹೋಗಲಿಲ್ಲ, ಈ ದಂಡೆಗೂ ಬರಲಿಲ್ಲ. ಹುಲಿಗೆವ್ವನ ಮಂದಿ ಊರಲ್ಲೇ ಉಳಿದರು.

ಇಂದಿಗೂ ಹೊಸ ಮನೆ ಕಟ್ಟುವವರು ಮೊದಲು ಇಲ್ಲಿಗೆ ಬಂದು ಹುಲಿಗೆವ್ವನ ಕಂಬಕ್ಕೆ ಕಲ್ಲಿನಿಂದ ಒಂದು ಪೆಟ್ಟು ಹಾಕುತ್ತಾರೆ. ಎಂಟು ದಿನ ಬಿಟ್ಟು ಇನ್ನೊಂದು. ಕಂಬ ಈಗ ಕದಲುವುದಿಲ್ಲ. ವಾಲಿದ ಗೋಡೆಯ ನೇರಕ್ಕೆ ಕಣ್ಣು ಹಾಯಿಸಿದರೆ, ನೀರಿನಾಚೆ ಚಂಪವ್ವನ ಹೊಸ್ತಿಲುಗಲ್ಲು ಸರಿಯಾಗಿ ಕಾಣುತ್ತದೆ.