ಕರಡಿಯ ಎದೆಯ ವಿಭೂತಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ, ಕೂಸೇ. ಪ್ರಾಣಿಗಳ ಮೈಬಣ್ಣ ಪೂರ್ತಿ ಒಣಗಿರಲಿಲ್ಲ. ಗಾಳಿಗೂ ಮಾತು ಬರುತ್ತಿತ್ತು, ಕರಡಿಗೂ ಬರುತ್ತಿತ್ತು. ಆಗ ಕರಡಿಯ ಮೈಯೆಲ್ಲ ಒಂದೇ ಕಪ್ಪು, ಎಲ್ಲೂ ಒಂದು ಬಿಳಿ ಗುರುತಿಲ್ಲ.

ಕಲ್ಲುಬೆಟ್ಟದ ನೆತ್ತಿಯಲ್ಲಿ ಒಂದು ಗವಿಮಠ. ಗವಿಯ ಮುಂದೆ, ಬಂಡೆಯ ಮಡಿಲಲ್ಲಿ, ಎಂದೂ ಬತ್ತದ ನೀರಿನ ದೊಣೆ. ಮಠಕ್ಕೆ ವಿಭೂತಿ ಮಾಡಿಕೊಡುವವಳು ಗಾಳೆವ್ವ. ಬೆರಣಿ ಸುಟ್ಟು, ಬೂದಿ ಸೋಸಿ, ನೀರಲ್ಲಿ ಕಲಸಿ ಉಂಡೆ ಕಟ್ಟುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ಕೈ ಸುಟ್ಟುಕೊಂಡು ತಾನೇ ಕಲಿತದ್ದು.

ಆ ಬೇಸಿಗೆ ಕೆಳಗಿನ ಹಳ್ಳಗಳೆಲ್ಲ ಒಣಗಿದವು. ತಾಯಿಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿ ಬಂತು. ಮರಿಯ ನಾಲಿಗೆ ಹೊರಗೆ ಬಿದ್ದಿತ್ತು.

ಮಠದ ಕಾವಲಿನ ಕೊಟ್ರಯ್ಯ ಕೋಲು ಅಡ್ಡ ಹಿಡಿದ. ಹಣೆಗೆ ವಿಭೂತಿ ಇಲ್ಲದವರಿಗೆ ಈ ನೀರಿಲ್ಲ ಎಂಬುದು ಅವನೇ ಮಾಡಿದ ಕಟ್ಟಳೆ.

ಗಾಳೆವ್ವ ಬಂದು ಕರಡಿಯ ಹಣೆಗೆ ವಿಭೂತಿ ಬಳಿದಳು. ಅದು ಕಣ್ಣಿಗೆ ಇಳಿಯಿತು. ಕರಡಿ ಪಂಜದಿಂದ ಒರೆಸಿಕೊಂಡುಬಿಟ್ಟಿತು.

ಕೊಟ್ರಯ್ಯ ನಕ್ಕ. “ಬರೀ ಕೂದಲು. ಇದರ ಹಣೆ ಎಲ್ಲಿದೆ, ತೋರಿಸವ್ವಾ ನೋಡೋಣ.”

ಗಾಳೆವ್ವ ಕರಡಿಗೆ ಎದ್ದು ನಿಲ್ಲಲು ಹೇಳಿದಳು. ಅದು ಹಿಂಗಾಲ ಮೇಲೆ ಎದ್ದು ನಿಂತಿತು. ಅವಳು ಎರಡೂ ಕೈಗೆ ಹಸಿ ವಿಭೂತಿ ಮೆತ್ತಿಕೊಂಡು, ಎರಡು ಭುಜಗಳಿಂದ ಎದೆಯ ನಡುವಿಗೆ ಗೆರೆ ಎಳೆದಳು. ಬೇಗ ಒಣಗಿಸು ಎಂದು ಗಾಳಿಯನ್ನು ಕೇಳಿದಳು. ತಾನು ಒಣಗಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಅಳಿಯುವುದಿಲ್ಲ, ಆದೀತಾ ಎಂದಿತು ಗಾಳಿ. ಅಳಿಯುವುದೇ ಬೇಡ ಎಂದಳು. ಗಾಳಿ ಊದಿತು.

ಎದೆ ಹಣೆಯಲ್ಲ ಎಂದು ಕೊಟ್ರಯ್ಯ ಕೋಲೆತ್ತಿದ. ಗಾಳೆವ್ವ ಕೋಲಿನ ಕೆಳಗೇ ಬಂದು ನಿಂತಳು.

“ಅಯ್ಯನವರೇ, ಇದ್ದ ವಿಭೂತಿಯೆಲ್ಲ ಇದರ ಎದೆಗೇ ಆಯಿತು. ಈ ಮರಿ ನೀರು ಕುಡಿಯದಿದ್ದರೆ ನಾನು ಇನ್ನು ಬೆರಣಿ ಸುಡುವುದಿಲ್ಲ. ನಾಳೆ ಮಿಂದ ಮೇಲೆ ನಿಮ್ಮ ಹಣೆಯೂ ಬರಿದೇ. ಆಗ ನೀವು ಯಾವ ನೀರು ಕುಡೀತೀರಿ?”

ಕೊಟ್ರಯ್ಯ ಹಣೆ ಮುಟ್ಟಿ ನೋಡಿಕೊಂಡ. ಬೆವರಿಗೆ ಅರ್ಧ ಆಗಲೇ ಇಳಿದಿತ್ತು. ಕೋಲು ಕೆಳಗಾಯಿತು.

ಮರಿ ಮೊದಲು ಕುಡಿಯಿತು, ಆಮೇಲೆ ತಾಯಿ. ಅಂದಿನಿಂದ ಸಂಜೆಯಾದರೆ ದೊಣೆಯ ಒಂದು ಬದಿಗೆ ಕರಡಿಗಳು, ಇನ್ನೊಂದು ಬದಿಗೆ ಮಠದ ಜನ.

ಇನ್ನೊಬ್ಬ ಕೋಲು ಹಿಡಿದು ಅಡ್ಡ ಬಂದರೆ ಏನು ಮಾಡಲಿ ಎಂದು ಹೊರಡುವಾಗ ಕರಡಿ ಕೇಳಿತು.

“ತಲೆ ತಗ್ಗಿಸಬೇಡ. ಎದ್ದು ನಿಂತು ತೋರಿಸು,” ಅಂದಳು ಗಾಳೆವ್ವ.

ಅದಕ್ಕೇ ಕೂಸೇ, ಇವತ್ತಿಗೂ ಬೆಟ್ಟದ ದಾರಿಯಲ್ಲಿ ಮನುಷ್ಯ ಎದುರಾದರೆ, ಕರಡಿ ಎರಡು ಕಾಲ ಮೇಲೆ ಎದ್ದು, ಎದೆಯ ಬಿಳಿ ಗುರುತು ತೋರಿಸಿ ನಿಲ್ಲುತ್ತದೆ.